ಕಂಡಿದ್ದೆವು, ಕೇಳಿರಲಿಲ್ಲ

ವಿಜಯಪುರದ ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರ ಕಡೆಯ ಮನೆಗಳಲ್ಲಿ ಸೂಪರ್‌ಹೀರೊ ಸಿನಿಮಾದ ಮಾತು ಬಂದರೆ ಹಿರಿಯರು ಹೇಳುವುದು ಹೆಚ್ಚುಕಡಿಮೆ ಒಂದೇ: ಅದು ಹುಡುಗರ ಆಟ, ಬರೀ ಗದ್ದಲ, ತಲೆಯಿಲ್ಲ ಬುಡವಿಲ್ಲ. ಮೈಗಂಟಿದ ಬಣ್ಣದ ಅಂಗಿ ತೊಟ್ಟವನೊಬ್ಬ ಹಾರುತ್ತಾನೆ, ಕಟ್ಟಡಗಳು ಬೀಳುತ್ತವೆ, ಕೊನೆಗೆ ಅವನೇ ಗೆಲ್ಲುತ್ತಾನೆ. ಇಷ್ಟಕ್ಕಾಗಿ ಎರಡೂವರೆ ತಾಸು ಯಾಕೆ ಕೂರಬೇಕು ಎಂಬುದು ಅವರ ಪ್ರಶ್ನೆ. ಆದರೆ ಈಚಿನ ವರ್ಷಗಳಲ್ಲಿ ಅವೇ ಮನೆಗಳಲ್ಲಿ ಇನ್ನೊಂದು ಮಾತೂ ಕೇಳಿಬರುತ್ತಿದೆ. ಮೊಮ್ಮಕ್ಕಳ ಒತ್ತಾಯಕ್ಕೆ ಕುಳಿತವರು ಕೊನೆಯವರೆಗೂ ಏಳುವುದಿಲ್ಲ. "ಇದು ಚಲೋ ಐತಲ್ಲೋ" ಅನ್ನುತ್ತಾರೆ. ಹಾಗನ್ನುವಾಗ ಅವರ ದನಿಯಲ್ಲಿ ಖುಷಿಯ ಜೊತೆ ಒಂದಿಷ್ಟು ಬೆರಗೂ ಇರುತ್ತದೆ.

ಈ ಬೆರಗು ಎಲ್ಲಿಂದ ಬಂತು ಎಂದು ಬಿಡಿಸಿ ನೋಡಬೇಕು. ಸಿನಿಮಾಗಳು ಸುಧಾರಿಸಿವೆ ಎನ್ನಬಹುದು, ಅದು ಸ್ವಲ್ಪಮಟ್ಟಿಗೆ ನಿಜ. ಕಾಲ ಬದಲಾಗಿದೆ ಎನ್ನಬಹುದು, ಅದೂ ಸ್ವಲ್ಪ ನಿಜ. ನನಗೆ ಕಾಣುವ ದೊಡ್ಡ ಕಾರಣ ಬೇರೆ. ಈ ಬಗೆಯ ಸಿನಿಮಾಗಳನ್ನು ನಮ್ಮ ಹಳ್ಳಿಗಳ ಬಹಳ ಜನ ಇಷ್ಟು ವರ್ಷ ಕಣ್ಣಿನಿಂದ ಮಾತ್ರ ನೋಡಿದ್ದರು. ಅದರೊಳಗಿನ ಮಂದಿ ಏನು ಮಾತಾಡುತ್ತಾರೆಂದು ಕೇಳಿರಲಿಲ್ಲ. ಮಾತು ಕಿವಿಗೆ ಬೀಳದ ಸಿನಿಮಾದಲ್ಲಿ ಉಳಿಯುವುದು ಗದ್ದಲವೇ. ಹಿರಿಯರು ಗದ್ದಲ ಅಂದದ್ದು ತಪ್ಪಲ್ಲ, ಅವರ ಪಾಲಿಗೆ ಬಂದದ್ದೇ ಅಷ್ಟು.

ಇದಕ್ಕೊಂದು ಇತಿಹಾಸವಿದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಡಬ್ಬಿಂಗ್ ವಿರುದ್ಧ ಎದ್ದು ನಿಂತಿತು. ಅ.ನ. ಕೃಷ್ಣರಾಯರಂಥ ಲೇಖಕರು ಮುಂದೆ ನಿಂತರು, ಡಾ. ರಾಜ್‌ಕುಮಾರ್ ಕೈಜೋಡಿಸಿದರು. ಆಗಿನ ಸ್ಥಿತಿ ಗೊತ್ತಿದ್ದವರು ಆ ಹೋರಾಟವನ್ನು ಹಗುರವಾಗಿ ನೋಡಲಾರರು. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಸಿನಿಮಾ ಬರುತ್ತಿದ್ದ ಕಾಲ. ಪಕ್ಕದ ಭಾಷೆಗಳ ದೊಡ್ಡ ಸಿನಿಮಾಗಳು ಕನ್ನಡದ ದನಿ ಹಚ್ಚಿಕೊಂಡು ಬಂದರೆ ಇಲ್ಲಿಯ ಕಲಾವಿದರು, ತಂತ್ರಜ್ಞರು ಬದುಕುವುದು ಹೇಗೆ ಎಂಬ ಆತಂಕ ಖರೆಯದೇ ಆಗಿತ್ತು. ಆ ಹೋರಾಟದ ಫಲವಾಗಿ ಡಬ್ಬಿಂಗ್ ನಿಂತಿತು. ಕಾನೂನೇನೂ ಬರಲಿಲ್ಲ, ಉದ್ಯಮದ ಒಪ್ಪಂದವೇ ಕಾನೂನಿನಂತೆ ನಡೆಯಿತು. ಅದು ಅರ್ಧ ಶತಮಾನ ಮುಂದುವರಿಯಿತು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸರಿಯಲ್ಲವೆಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ತಮಿಳಿನ ಅಜಿತ್ ಸಿನಿಮಾವೊಂದು 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಕನ್ನಡ ಮಾತಾಡುತ್ತ ತೆರೆಗೆ ಬಂತು.

ನಡುವಿನ ಆ ಐವತ್ತು ವರ್ಷಗಳಲ್ಲೇ ಸೂಪರ್‌ಹೀರೊ ಸಿನಿಮಾ ದೊಡ್ಡದಾಗಿ ಬೆಳೆದು ಜಗತ್ತನ್ನು ಆವರಿಸಿದ್ದು. ಕ್ರಿಸ್ಟೋಫರ್ ರೀವ್ ನಟಿಸಿದ 'ಸೂಪರ್‌ಮ್ಯಾನ್' ಬಂದದ್ದು 1978ರಲ್ಲಿ, ಸ್ಯಾಮ್ ರೈಮಿಯ 'ಸ್ಪೈಡರ್-ಮ್ಯಾನ್' 2002ರಲ್ಲಿ, 'ಐರನ್ ಮ್ಯಾನ್' 2008ರಲ್ಲಿ. ಇವು ಹಿಂದಿ, ತಮಿಳು, ತೆಲುಗು ಮಾತಾಡಲು ಕಲಿತರೂ ಕನ್ನಡಕ್ಕೆ ಬರಲಿಲ್ಲ. ವಿಜಯಪುರ ನಗರದಲ್ಲಿ ಹಿಂದಿ, ದಖನಿ ಉರ್ದು ಮನೆಮಾತಿನಷ್ಟೇ ಸಲೀಸು; ಗಡಿಯಾಚೆ ಸೊಲ್ಲಾಪುರ ಇರುವುದರಿಂದ ಮರಾಠಿಯೂ ಕಿವಿಗೆ ಹೊಸದಲ್ಲ. ಪ್ಯಾಟಿಗೆ ಹೋಗಿ ಬಂದು ಮಾಡುವ ಗಂಡಸರು ಹಿಂದಿಯ ಸ್ಪೈಡರ್-ಮ್ಯಾನನನ್ನು ಅಷ್ಟಿಷ್ಟು ಅರ್ಥ ಮಾಡಿಕೊಂಡರು. ಹೊಲ, ಮನಿ, ದನಗಳ ನಡುವೆಯೇ ಇದ್ದ ಹೆಣ್ಣುಮಕ್ಕಳಿಗೆ, ಶಾಲೆಯ ಮುಖ ಕಾಣದ ಹಿರಿಯರಿಗೆ ಅದೂ ದಕ್ಕಲಿಲ್ಲ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಬಂದಾಗಲೂ ಹೀಗೇ. ಹುಡುಗರು ಗಿರಗಿರ ತಿರುಗುವುದನ್ನು ಕಲಿತರು, ದೊಡ್ಡವರು ಹುಡುಗರು ಬಿದ್ದು ಕೈಕಾಲು ಮುರಿದುಕೊಂಡಾರೆಂದು ಬೈದರು. ಆ ಧಾರಾವಾಹಿ ಏನು ಹೇಳುತ್ತಿದೆ ಎಂದು ದೊಡ್ಡವರಿಗೆ ತಿಳಿಸಿ ಹೇಳುವವರು ಮನೆಯಲ್ಲಿರಲಿಲ್ಲ.

ಕಳಕೊಂಡದ್ದು ಎಷ್ಟು ಎಂದು ತಿಳಿಯಲು 2004ರ 'ಸ್ಪೈಡರ್-ಮ್ಯಾನ್ 2' ಒಂದನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಕಾಣುವುದು ಇಷ್ಟು: ಬೆನ್ನಿಗೆ ಕಬ್ಬಿಣದ ನಾಲ್ಕು ತೋಳು ಅಂಟಿಕೊಂಡ ವಿಜ್ಞಾನಿ, ಅವನೊಂದಿಗೆ ಗೋಡೆಗಳ ಮೇಲೆ ಕಾದಾಡುವ ಕೆಂಪು-ನೀಲಿ ಅಂಗಿಯ ಹುಡುಗ. ಕೇಳಿಸಿಕೊಂಡರೆ ಸಿಗುವ ಕಥೆಯೇ ಬೇರೆ. ಆ ಹುಡುಗ ಪೀಟರ್ ಪಾರ್ಕರ್ ತಂದೆ-ತಾಯಿ ಇಲ್ಲದವ, ಪಿಜ್ಜಾ ಮುಟ್ಟಿಸುವ ಕೆಲಸವನ್ನೂ ಉಳಿಸಿಕೊಳ್ಳಲಾಗದವ, ಖೋಲಿಯ ಬಾಡಿಗೆ ಬಾಕಿ ಇಟ್ಟವ. ಅವನನ್ನು ಸಾಕಿದ ಮುದುಕಿ ಮೇ, ಗಂಡ ಸತ್ತ ಮೇಲೆ ಮನೆ ಉಳಿಸಿಕೊಳ್ಳಲು ಬ್ಯಾಂಕಿಗೆ ಹೋಗಿ ಸಾಲಕ್ಕಾಗಿ ಕೂರುತ್ತಾಳೆ. ಮೇಜಿನಾಚೆ ಕುಳಿತ ಅಧಿಕಾರಿ ನಗುನಗುತ್ತಲೇ ಆಗುವುದಿಲ್ಲ ಎನ್ನುತ್ತಾನೆ. ಅವಳು ಮಾನ ಬಿಡದೆ ಮಾತಾಡುತ್ತಾಳೆ, ಬದಿಯಲ್ಲಿ ಕುಳಿತ ಹುಡುಗನಿಗೆ ಏನೂ ಮಾಡಲಾಗುವುದಿಲ್ಲ. ಊರನ್ನೇ ಕಾಯುವ ಬಲ ಮೈಯಲ್ಲಿದೆ, ತನ್ನ ಮನೆಯ ಸಾಲಕ್ಕೆ ಅದು ನಯಾಪೈಸೆ ಉಪಯೋಗವಿಲ್ಲ. ದ್ರಾಕ್ಷಿಗೆ ಮಾಡಿದ ಸಾಲ, ಬೋರ್‌ವೆಲ್‌ಗೆ ಮಾಡಿದ ಸಾಲ ಎಂದು ಬ್ಯಾಂಕಿನ ಬಾಕಿನ ಮೇಲೆ ಕೂತು ಎದ್ದ ನಮ್ಮ ಕಡೆಯ ರೈತರಿಗಿಂತ ಚೆನ್ನಾಗಿ ಈ ದೃಶ್ಯವನ್ನು ಯಾರು ತಿಳಿದಾರು? ಅದೇ ಸಿನಿಮಾದಲ್ಲಿ ಮುಂದೆ, ಹಿಡಿತ ತಪ್ಪಿ ಓಡುತ್ತಿರುವ ರೈಲನ್ನು ಮೈಯೊಡ್ಡಿ ನಿಲ್ಲಿಸಿ ಹುಡುಗ ಮೂರ್ಛೆ ಹೋಗುತ್ತಾನೆ. ಮುಸುಕು ಮೊದಲೇ ಕಳಚಿದೆ. ಪ್ರಯಾಣಿಕರು ಅವನನ್ನು ತಲೆಯ ಮೇಲಿಂದ ಕೈಯಿಂದ ಕೈಗೆ ಸಾಗಿಸಿ ಮೆಲ್ಲಗೆ ನೆಲಕ್ಕೆ ಮಲಗಿಸುತ್ತಾರೆ. ಇವ ನನ್ನ ಮಗನ ವಯಸ್ಸಿನವನಲ್ಲವೇ ಎಂಬರ್ಥದ ಮಾತೊಂದನ್ನು ಅವರಲ್ಲೊಬ್ಬ ಆಡುತ್ತಾನೆ. ಆ ಒಂದು ಮಾತು ಕೇಳಿಸದಿದ್ದರೆ ಆ ದೃಶ್ಯದ ಜೀವವೇ ಹೋಯಿತು.

ಈ ಕಥೆಗಳು ಹುಟ್ಟಿದಾಗಲೂ ಹೀಗೇ ಇದ್ದವು. 1938ರಲ್ಲಿ ಸೂಪರ್‌ಮ್ಯಾನನನ್ನು ಬರೆದು ಚಿತ್ರಿಸಿದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಇಬ್ಬರೂ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಮನೆತನಗಳ ಹುಡುಗರು. ಅವರ ನಾಯಕನೂ ತನ್ನ ನೆಲ ನಾಶವಾಗಿ ಪರದೇಶಕ್ಕೆ ಬಂದ ಕೂಸು. ಮೊದಲ ಕಥೆಯಲ್ಲೇ ಅವನು ತಡೆಯುವುದು ಹೆಂಡತಿಯನ್ನು ಹೊಡೆಯುವ ಗಂಡನನ್ನು. ಹಿಡಿಯುವುದು ಭ್ರಷ್ಟ ರಾಜಕಾರಣದ ಜಾಡನ್ನು. 1962ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್-ಮ್ಯಾನನನ್ನು ತಂದಾಗ ಇನ್ನೊಂದು ಹೆಜ್ಜೆ ಮುಂದೆ ಹೋದರು: ಬಲ ಬಂದರೂ ಬಡತನ, ನಾಚಿಕೆ, ಮನೆಯ ತಾಪತ್ರಯ ಬಿಡದ ನಾಯಕನೊಬ್ಬನನ್ನು ಕೊಟ್ಟರು. ಈ ಪ್ರಕಾರದ ತಿರುಳು ಅಲ್ಲಿದೆ. ಹಾರುವುದು, ಜಿಗಿಯುವುದು ಅದರ ಮೇಲಿನ ವೇಷ.

ನಮ್ಮ ಭಾಗದ ಹಿರಿಯರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳತನಕ ಕೂತು ನೋಡಿದ ಮಂದಿ ಇವರು. ಅಲ್ಲಿ ದೇವರಾದ ಕೃಷ್ಣನೇ ಹೆಂಡತಿಯ ಸಿಟ್ಟಿನ ಮುಂದೆ ಮೆತ್ತಗಾಗಿ ನಿಲ್ಲುತ್ತಾನೆ. ಒಂದು ಹೂವಿನ ಸಲುವಾಗಿ ಮನೆಯೊಳಗೆ ಎದ್ದ ಜಗಳ ಇಡೀ ರಾತ್ರಿಯ ಆಟವಾಗುತ್ತದೆ. ಕೌಜಲಗಿ ನಿಂಗಮ್ಮನಂಥವರ ಪಾರಿಜಾತಕ್ಕೆ ಜನ ಬುತ್ತಿ ಕಟ್ಟಿಕೊಂಡು ಹೋದದ್ದು ಕಿರೀಟ ನೋಡುವುದಕ್ಕಲ್ಲ, ಮಾತು ಮತ್ತು ಹಾಡು ಕೇಳುವುದಕ್ಕೆ. ಮಾತೇ ಆಟದ ಜೀವ ಎಂದು ಬಲ್ಲವರಿಗೆ ನಾವು ಸೂಪರ್‌ಹೀರೊನನ್ನು ಮೂಕನನ್ನಾಗಿ ತೋರಿಸಿ, ಇಷ್ಟವಾಯಿತೇ ಎಂದು ಕೇಳುತ್ತಿದ್ದೆವು.

ನಮ್ಮ ಮನೆಗಳಿಗೆ ಬಾಗಿಲು ತೆರೆದದ್ದು ಟಿ.ವಿ.ಯಿಂದ. 2020ರ ಲಾಕ್‌ಡೌನಿನಲ್ಲಿ ಹೊಸ ಕಂತುಗಳ ಚಿತ್ರೀಕರಣ ನಿಂತಾಗ ವಾಹಿನಿಗಳು ಡಬ್ ಆದ 'ಮಹಾಭಾರತ'ವನ್ನು, ಆಮೇಲೆ 'ಮಹಾನಾಯಕ' ಅಂಬೇಡ್ಕರ್ ಧಾರಾವಾಹಿಯನ್ನು ಕನ್ನಡದಲ್ಲಿ ತೋರಿಸಿದವು. 'ಮಹಾನಾಯಕ'ಕ್ಕಾಗಿ ರಾಜ್ಯದ ಹಳ್ಳಿಗಳಲ್ಲಿ ಜನ ತಾವೇ ದುಡ್ಡು ಹಾಕಿ ಬ್ಯಾನರ್ ಕಟ್ಟಿಸಿದರು. ಡಬ್ಬಿಂಗ್ ನೋಡುವವರಿಲ್ಲ ಎಂಬ ಹಳೆಯ ವಾದ ಅಲ್ಲಿಗೆ ಮುಗಿಯಿತು. ಮರುವರ್ಷ, 2021ರ ಡಿಸೆಂಬರ್ 24ರಂದು, ಮಲಯಾಳದ 'ಮಿನ್ನಲ್ ಮುರಳಿ' ನೆಟ್‌ಫ್ಲಿಕ್ಸ್‌ನಲ್ಲಿ 'ಮಿಂಚು ಮುರಳಿ'ಯಾಗಿ ಕನ್ನಡದಲ್ಲೂ ಬಂತು.

ಬೆಸಿಲ್ ಜೋಸೆಫ್ ನಿರ್ದೇಶಿಸಿದ ಈ ಸಿನಿಮಾ ಕುರುಕ್ಕನ್‌ಮೂಲ ಎಂಬ ಕಲ್ಪಿತ ಹಳ್ಳಿಯಲ್ಲಿ ನಡೆಯುತ್ತದೆ. ನಾಯಕ ಜೇಸನ್ ಊರಿನ ದರ್ಜಿ, ಅಮೆರಿಕಕ್ಕೆ ಹೋಗುವ ಕನಸಿನವ. ಸಿಡಿಲು ಬಡಿದು ಅವನಿಗೆ ಬಲ ಬರುತ್ತದೆ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲಿಗೆ ಎತ್ತು, ಕುರಿ, ಕೆಲವೊಮ್ಮೆ ಮನುಷ್ಯರನ್ನೂ ಕಳಕೊಂಡ ಮನೆಗಳಿವೆ. ಅವರಿಗೆ ಇದು ಆರಂಭದಲ್ಲೇ ಸುಳ್ಳೆನಿಸಬಹುದು. ಆದರೆ ಅದೇ ಗಳಿಗೆಯಲ್ಲಿ ಸಿಡಿಲು ಇನ್ನೊಬ್ಬನಿಗೂ ಬಡಿಯುತ್ತದೆ. ಅವನು ಶಿಬು. ಚಹಾದಂಗಡಿಯಲ್ಲಿ ದುಡಿಯುವವ, ಹುಚ್ಚನೆಂದು ಊರು ದೂರ ಇಟ್ಟವ, ಉಷಾ ಎಂಬವಳನ್ನು ಇಪ್ಪತ್ತೆಂಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡು ಕಾದವ. ಗುರು ಸೋಮಸುಂದರಂ ಈ ಪಾತ್ರ ಮಾಡಿದ್ದಾರೆ. ಜೇಸನ್ ತನ್ನ ಬಲವನ್ನು ಮೊದಲು ಬಳಸುವುದು ತನ್ನನ್ನು ಕಾಡಿದ ಪೊಲೀಸರ ಮೇಲೆ ಸೇಡು ತೀರಿಸಿಕೊಳ್ಳಲು. ಶಿಬು ಬಳಸುವುದು ಉಷಾಳ ಮಗಳ ಆಪರೇಷನ್ನಿಗೆ ಬ್ಯಾಂಕ್ ದೋಚಲು. ಹಾಗಾದರೆ ಇವರಲ್ಲಿ ಒಳ್ಳೆಯವನು ಯಾರು? ಸಿನಿಮಾ ಅರ್ಧ ಮುಗಿದರೂ ಉತ್ತರ ಸುಲಭವಾಗಿ ಸಿಗುವುದಿಲ್ಲ.

ಇಟ್ಟಂಗಿಹಾಳದ ನಮ್ಮ ಬಳಗದ ಮನೆಯೊಂದರಲ್ಲಿ ಇದನ್ನು ನೋಡಿದ್ದು ನೆನಪಿದೆ. "ಮುತ್ಯಾ, ಇದು ಕನ್ನಡದಾಗ ಐತಿ, ಕುಂದರು" ಎಂದು ಹುಡುಗ ಟಿ.ವಿ. ಹಚ್ಚಿದ. ತೋಟದಿಂದ ಬಂದು ಕೈಕಾಲು ತೊಳೆದ ಮುತ್ಯಾ, ಬ್ಯಾಡ ಅನ್ನಲಾರದೆ ಗೋಡೆಗೆ ಆನಿಕೊಂಡು ಕೂತ. ಮೊದಲರ್ಧ ತಾಸು ಅವನ ಗಮನವೆಲ್ಲ ಎಲಿ-ಅಡಿಕಿಯ ಮೇಲೆಯೇ. ಉಷಾ ಶಿಬುವನ್ನು ಒಪ್ಪುವ ದೃಶ್ಯ ಬಂತು. ಶಿಬುವಿನ ಮುಖ ತೆರೆಯ ತುಂಬ. ನಗುವುದೋ ಅಳುವುದೋ ತಿಳಿಯದೆ ತುಟಿ ಅದುರುತ್ತಿದೆ, ಕಾದ ವರ್ಷಗಳ ಲೆಕ್ಕ ಬಾಯಿಂದ ಬರುತ್ತಿದೆ. ಮುತ್ಯಾನ ಬೆರಳ ತುದಿಯ ಸುಣ್ಣ ಎಲೆಗೆ ಹತ್ತದೆ ಹಾಗೇ ಉಳಿಯಿತು. ಮುಂದೆ ಊರ ಮಂದಿ ಶಿಬುವಿನ ಮನೆಗೆ ಬೆಂಕಿ ಹಚ್ಚುತ್ತಾರೆ, ಒಳಗೆ ಉಷಾ ಇರುವುದು ಅವರಿಗೆ ಗೊತ್ತಿಲ್ಲ. ಮುತ್ಯಾ ಮೊಮ್ಮಗನ ಕಡೆ ತಿರುಗಿ, "ತಮ್ಮಾ, ಇಂವಾ ಕೆಟ್ಟಾಂವ ಅಲ್ಲೋ. ಊರ ಮಂದಿ ಕೂಡಿ ಇವನ್ನ ಕೆಡಿಸ್ಯಾರ" ಅಂದ. ಚಿತ್ರವಿಮರ್ಶಕರು ಪುಟಗಟ್ಟಲೆ ಬರೆದದ್ದನ್ನು ಅವನು ಎರಡು ವಾಕ್ಯದಲ್ಲಿ ಹೇಳಿದ. ಮುರಳಿ ಎಂಬ ಹೆಸರು ಜೇಸನ್‌ನ ತಂದೆ ಆಡುತ್ತಿದ್ದ ನಾಟಕದ ಪಾತ್ರದ್ದು, ಆ ತಂದೆ ಬೆಂಕಿಯಲ್ಲಿ ಸಿಕ್ಕ ಜನರನ್ನು ಉಳಿಸಲು ಹೋಗಿ ಜೀವ ಬಿಟ್ಟ ರಂಗಕಲಾವಿದ ಎಂದು ತಿಳಿದಾಗಲಂತೂ, ಸಿದ್ಧೇಶ್ವರ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಆ ಜೀವಕ್ಕೆ ಕಥೆ ಪೂರ್ತಿ ತನ್ನದೇ ಆಯಿತು.

ಇಲ್ಲಿ ಮನಸ್ಸಿನ ಕೆಲಸವನ್ನೂ ಸ್ವಲ್ಪ ತಿಳಿಯಬೇಕು. ನಿರೀಕ್ಷೆ ಎನ್ನುವುದು ರುಚಿಯನ್ನೇ ಬದಲಿಸುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದು, ಇನ್ನೊಮ್ಮೆ 90 ಡಾಲರಿನದೆಂದು ಹೇಳಿ ಜನರಿಗೆ ಕುಡಿಸಿದರು. ದುಬಾರಿ ಎಂದು ಹೇಳಿದ್ದೇ ರುಚಿ ಎಂದರು ಕುಡಿದವರು. ಅಷ್ಟೇ ಅಲ್ಲ, ಸುಖದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ಆಗ ಹೆಚ್ಚು ಚುರುಕಾದದ್ದು ಸ್ಕ್ಯಾನಿನಲ್ಲಿ ಕಂಡಿತು. ಕೆಟ್ಟದ್ದೆಂದು ತಿಳಿದು ಕೂತವರಿಗೆ ಸಾಧಾರಣ ಸಿನಿಮಾ ಇನ್ನಷ್ಟು ಕೆಟ್ಟದಾಗಿ ಕಾಣುವುದು ಇದೇ ರೀತಿ. ಕಡಿಮೆ ನಿರೀಕ್ಷೆ ಇಟ್ಟುಕೊಂಡರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ ಎಂಬ ರೂಢಿಯ ನಂಬಿಕೆ ಅರ್ಧಸತ್ಯ.

ಇನ್ನರ್ಧ ಸತ್ಯವನ್ನು ಮಿದುಳು ವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಜ್ ಕೋತಿಗಳಲ್ಲಿ ಕಂಡರು. ಕೋತಿಯ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಬಿದ್ದಾಗ ಮಿದುಳಿನ ಡೋಪಮಿನ್ ಕೋಶಗಳು ಜೋರಾಗಿ ಮಿಡಿದವು. ಬೆಳಕು ಹತ್ತಿದ ಮೇಲೆ ರಸ ಬರುತ್ತದೆಂದು ಕಲಿತ ನಂತರ ರಸ ಬಿದ್ದಾಗ ಆ ಮಿಡಿತ ಇರಲಿಲ್ಲ. ಬರಬೇಕಾದ ರಸ ಬರದಿದ್ದಾಗ ಇದ್ದ ಮಿಡಿತವೂ ಕುಸಿಯಿತು. ಅಂದರೆ ಆ ಕೋಶಗಳು ಅಳೆಯುವುದು ಸಿಕ್ಕದ್ದನ್ನಲ್ಲ, ಸಿಕ್ಕದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು. ಎರಡೂ ಪ್ರಯೋಗಗಳನ್ನು ಕೂಡಿಸಿ ನೋಡಿದರೆ ಮುತ್ಯಾನ ಬೆರಗು ತಿಳಿಯುತ್ತದೆ ಎಂಬುದು ನನ್ನ ಓದು. ಅಂತರ ಸಣ್ಣದಿದ್ದರೆ ಮನಸ್ಸು ಹಳೆಯ ಅಭಿಪ್ರಾಯದ ಕಡೆಗೇ ವಾಲುತ್ತದೆ. ಅಲ್ಲಗಳೆಯಲಾಗದಷ್ಟು ದೊಡ್ಡದಿದ್ದರೆ ಮಾತ್ರ ಅಭಿಪ್ರಾಯ ಬಿಟ್ಟುಕೊಡುತ್ತದೆ, ಆಗ ಆಗುವ ಖುಷಿ ದೊಡ್ಡದು. ಗದ್ದಲವೆಂದು ಕುಳಿತವನಿಗೆ ಶಿಬು ಸಿಕ್ಕಾಗ ಆದದ್ದು ಇದು. ಮಾತು ಕೇಳಿಸದಿದ್ದರೆ ಆ ಅಂತರ ಹುಟ್ಟುತ್ತಲೇ ಇರಲಿಲ್ಲ.

ಹಾಗೆಂದು ಹಿರಿಯರ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ದೊಡ್ಡ ಹಾಲಿವುಡ್ ಸೂಪರ್‌ಹೀರೊ ಸಿನಿಮಾಗಳ ಕೊನೆಯ ಅರ್ಧ ತಾಸು ಬಹುಪಾಲು ಒಂದೇ ಥರ ಇರುತ್ತದೆ, ಅದಕ್ಕೆ ಕೆಲಸದ ರೀತಿಯೇ ಕಾರಣ. ಬಿಡುಗಡೆಯ ದಿನಾಂಕ ವರ್ಷಗಳ ಮೊದಲೇ ಗೊತ್ತಾಗಿರುತ್ತದೆ. ಕ್ಲೈಮ್ಯಾಕ್ಸಿನ ಹೊಡೆದಾಟವನ್ನು ಚಿತ್ರೀಕರಣಕ್ಕೂ ಮುಂಚೆ ಕಂಪ್ಯೂಟರಿನಲ್ಲಿ ರೂಪಿಸಿಕೊಳ್ಳುತ್ತಾರೆ, ಗ್ರಾಫಿಕ್ಸ್ ಕೆಲಸ ಹಲವು ದೇಶಗಳ ಹಲವು ಸಂಸ್ಥೆಗಳಿಗೆ ಹಂಚಿಹೋಗುತ್ತದೆ. ಹೀಗೆ ತಯಾರಾದ ಕೊನೆಯಲ್ಲಿ ಯಾವ ಒಬ್ಬ ಕಥೆಗಾರನ ಕೈಯೂ ಕಾಣದಿರುವುದು ಸಹಜ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಪೊಲೀಸು, ಕೋರ್ಟು, ಪಂಚಾಯ್ತಿ ಯಾವುದೂ ಬೇಡ, ಬಲಶಾಲಿ ಒಬ್ಬ ಬಂದು ಎಲ್ಲವನ್ನೂ ನೆಟ್ಟಗೆ ಮಾಡುತ್ತಾನೆ ಎಂಬ ಆಸೆಯನ್ನು ಈ ಕಥೆಗಳು ಬಿತ್ತುತ್ತವೆ. ಆ ಆಸೆ ಸಿನಿಮಾದಾಚೆಗೂ ಅಪಾಯಕಾರಿ. ಆದರೆ ಈ ಪ್ರಕಾರದ ಒಳ್ಳೆಯ ಸಿನಿಮಾಗಳು ಅದೇ ಆಸೆಯನ್ನು ಕಟಕಟೆಯಲ್ಲಿ ನಿಲ್ಲಿಸುತ್ತವೆ. 2017ರ 'ಲೋಗನ್'ನಲ್ಲಿ ಬಲ ಕುಂದಿದ ನಾಯಕ ಮಿದುಳಿನ ಕಾಯಿಲೆಯ ಮುದುಕನೊಬ್ಬನ ಆರೈಕೆ ಮಾಡುತ್ತ ಹೈರಾಣಾಗಿದ್ದಾನೆ. ತಾನು ಹಿಂದೆ ಮಾಡಿದ ಹಿಂಸೆಯ ಭಾರ ಅವನನ್ನು ತಿನ್ನುತ್ತಿದೆ. 'ಮಿಂಚು ಮುರಳಿ'ಯಲ್ಲಿ ಹಾಳುಗೆಡಹುವ ಬಲ ಹೊರಗಿಂದ ಬಂದದ್ದಲ್ಲ, ಊರಿನ ತಿರಸ್ಕಾರದಲ್ಲೇ ಬೆಳೆದದ್ದು.

ಕನ್ನಡಿಗರಿಗೆ ಬೆರಗು ಕೊಟ್ಟ ಬೇರೆಯವೂ ಇವೆ. 2023ರ ಜೂನ್‌ನಲ್ಲಿ 'ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲೊಂದು. 2024ರ ಸಂಕ್ರಾಂತಿಗೆ ಬಂದ ತೆಲುಗಿನ 'ಹನು-ಮಾನ್' ದೊಡ್ಡ ತಾರೆಗಳಿಲ್ಲದೆ ಗೆದ್ದಿತು; ಅದರ ಊರಿನ ಹೆಸರು ಅಂಜನಾದ್ರಿ, ಆನೆಗೊಂದಿಯ ಬೆಟ್ಟದ್ದೇ ಹೆಸರು. 2025ರ ಜುಲೈಯಲ್ಲಿ ಬಂದ 'ಮಹಾವತಾರ್ ನರಸಿಂಹ'ವನ್ನು ಕಾರ್ಟೂನ್ ಎಂದು ಬದಿಗಿಟ್ಟವರೇ ಆಮೇಲೆ ಮನೆಮಂದಿಯೊಂದಿಗೆ ಹೋದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಲಯಾಳದ 'ಲೋಕಾ' ಬೆಂಗಳೂರಿನಲ್ಲಿ ನಡೆಯುವ ಕಥೆ ಹೇಳಿತು, ಕಲ್ಯಾಣಿ ಪ್ರಿಯದರ್ಶನ್ ಅದರ ನಾಯಕಿ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಪಾತ್ರವೊಂದು ಆಡಿದ ಮಾತು ಕನ್ನಡಿಗರನ್ನು ನೋಯಿಸಿತು. ನಿರ್ಮಾಪಕರು ಕ್ಷಮೆ ಕೇಳಿ ಆ ಸಂಭಾಷಣೆಯನ್ನು ತೆಗೆಯುವುದಾಗಿ ಹೇಳಿದರು. ಈ ಸಿನಿಮಾಗಳಲ್ಲಿ ಮಾತಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಇದೂ ಸಾಕ್ಷಿ.

ಮನೆಯ ಹಿರಿಯರಿಗೆ ತೋರಿಸಬೇಕೆನ್ನುವ ಹುಡುಗರಿಗೆ ಒಂದೆರಡು ಮಾತು. ಹಿಂದೆ ಹತ್ತು ಸಿನಿಮಾ ನೋಡಿದ್ದರಷ್ಟೇ ಅರ್ಥವಾಗುವ 'ಅವೆಂಜರ್ಸ್' ಸರಣಿಯಿಂದ ಶುರು ಮಾಡಬೇಡಿ. ಒಂದೇ ಸಿನಿಮಾದಲ್ಲಿ ಮುಗಿಯುವ ಕಥೆ ಆರಿಸಿ. ಕನ್ನಡದ ಆಡಿಯೊ ಇದೆಯೇ ಎಂದು ಸೆಟಿಂಗಿನಲ್ಲಿ ನೋಡಿ. ಎಷ್ಟೋ ಸಲ ಅದು ಇರುತ್ತದೆ, ಹಚ್ಚುವವರು ಇರುವುದಿಲ್ಲ. ಇಲ್ಲವಾದರೆ ಬದಿಯಲ್ಲಿ ಕೂತು ನೀವೇ ಹೇಳಿ.

ಇನ್ನು ಡಬ್ಬಿಂಗ್ ಮಾಡುವವರಿಗೆ ಒಂದು ಬೇಡಿಕೆ. ಡಬ್ ಆದ ಸಿನಿಮಾಗಳ ಕನ್ನಡ ಸಾಮಾನ್ಯವಾಗಿ ಬೆಂಗಳೂರು-ಮೈಸೂರಿನದು, ಅದರಲ್ಲೂ ಪುಸ್ತಕದ ವಾಸನೆ ಇರುವಂಥದ್ದು. ಕನ್ನಡ ಸಿನಿಮಾಗಳೇ ನಮ್ಮ ಕಡೆಯ ಮಾತನ್ನು ಬಹಳ ಕಾಲ ನಗಿಸುವ ಪಾತ್ರಗಳಿಗಷ್ಟೇ ಮೀಸಲಿಟ್ಟವು. ಪೀಟರನ ಮನೆಯ ಮುದುಕಿ ಬ್ಯಾಂಕಿನವನ ಮುಂದೆ ಮಾತಾಡುವಾಗ, ಚಹಾದಂಗಡಿಯ ಶಿಬು ತನ್ನ ಇಪ್ಪತ್ತೆಂಟು ವರ್ಷ ಹೇಳುವಾಗ, ಒಮ್ಮೆಯಾದರೂ ವಿಜಯಪುರದ ಕನ್ನಡದಲ್ಲಿ ಹೇಳಿಸಿ ನೋಡಲಿ. ಸಂಭಾಷಣೆ ಬರೆಯಬಲ್ಲವರು, ದನಿ ಕೊಡಬಲ್ಲವರು ಇಲ್ಲಿಯ ರಂಗತಂಡಗಳಲ್ಲಿ, ಆಕಾಶವಾಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಕೆಲಸ ಕೊಟ್ಟು, ಸಿನಿಮಾದ ಕೊನೆಯಲ್ಲಿ ಅವರ ಹೆಸರನ್ನೂ ಹಾಕಲಿ.